ಬೋಸ್ಟನ್ನಿನ ಚಹಾ, ದುರ್ಗದ ಬುರುಜು

ಅಮೆರಿಕದ ಹದಿಮೂರು ವಸಾಹತುಗಳು 1776ರ ಜುಲೈ 4ರಂದು ತಾವು ಸ್ವತಂತ್ರರೆಂದು ಸಾರಿದಾಗ ಚಿತ್ರದುರ್ಗದ ಗದ್ದುಗೆಯ ಮೇಲೆ ಯಾರಿದ್ದರು? ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ತಾರೀಕು ಥಟ್ಟನೆ ಹೇಳುತ್ತಾರೆ. ಮದಕರಿನಾಯಕನ ಹೆಸರೂ ಅವರ ನಾಲಗೆಯ ತುದಿಯಲ್ಲೇ ಇದೆ. ಎರಡನ್ನೂ ಕೂಡಿಸಿ ಕೇಳಿದಾಗ ಮಾತ್ರ ಒಂದು ಗಳಿಗೆ ತಡೆಯುತ್ತಾರೆ. ತಪ್ಪು ಅವರದಲ್ಲ. ಜಗತ್ತಿನ ಚರಿತ್ರೆ ಒಂದು ಪುಸ್ತಕ, ಭಾರತದ್ದು ಇನ್ನೊಂದು, ದುರ್ಗದ್ದು ಪ್ರವಾಸಿಗರ ಕೈಪಿಡಿಯಲ್ಲಿ ಮಾತ್ರ ಎಂಬಂತೆ ಕಲಿಸಿದವರು ನಾವು. ಅತ್ತ ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ನೆಲೆಸಿದ ಕನ್ನಡದ ಮನೆಗಳವರು ಪೌರತ್ವ ಪರೀಕ್ಷೆಗೆ ಕೂರುವಾಗ ಇಂಥವೇ ಪ್ರಶ್ನೆಗಳನ್ನು ಬಾಯಿಪಾಠ ಮಾಡುತ್ತಾರೆ. ವಸಾಹತುಗಾರರು ಬ್ರಿಟಿಷರ ಮೇಲೆ ತಿರುಗಿಬಿದ್ದದ್ದೇಕೆ? ಯುರೋಪಿನವರು ಬರುವ ಮೊದಲು ಅಮೆರಿಕದಲ್ಲಿ ಯಾರಿದ್ದರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಅಮೆರಿಕದಿಂದಲೇ ಹೊರಡಬೇಕಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಹೊರಟರೂ ಅಲ್ಲಿಗೆ ತಲುಪಬಹುದು. ಕೆಲವು ಕಡೆ ಈ ದಾರಿಯೇ ಹತ್ತಿರದ್ದು.

ಮೊದಲ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. 1776ರಲ್ಲಿ ದುರ್ಗವನ್ನು ಆಳುತ್ತಿದ್ದವನು ಕೊನೆಯ ಮದಕರಿನಾಯಕ. ಇಂದಿನ ಹೊಸದುರ್ಗ ತಾಲ್ಲೂಕಿನ ಜಾನಕಲ್ಲಿನಿಂದ ಕರೆತಂದು 1754ರಲ್ಲಿ ಪಟ್ಟ ಕಟ್ಟಿದಾಗ ಅವನಿಗೆ ಹನ್ನೆರಡು ವರ್ಷ. ಅಮೆರಿಕದವರು ಘೋಷಣೆಗೆ ಸಹಿ ಹಾಕುವ ಹೊತ್ತಿಗೆ ಮೂವತ್ತು ದಾಟಿದ ಪ್ರಾಯದವನು. ಘೋಷಣೆಯ ಕರಡು ಬರೆದ ಥಾಮಸ್ ಜೆಫರ್ಸನ್‌ಗೂ ಆಗ ಹೆಚ್ಚುಕಡಿಮೆ ಅದೇ ವಯಸ್ಸು.

ಚಹಾ ಸಮುದ್ರಕ್ಕೆ ಬಿದ್ದದ್ದು ಏಕೆ?

ಅಮೆರಿಕದ ಕ್ರಾಂತಿಯ ಕಥೆ ಎಲ್ಲ ಪುಸ್ತಕಗಳಲ್ಲೂ ಬೋಸ್ಟನ್ ಬಂದರಿನಿಂದ ಶುರುವಾಗುತ್ತದೆ. 1773ರ ಡಿಸೆಂಬರ್ 16ರ ರಾತ್ರಿ ಅಲ್ಲಿನ ಜನ ಮೂರು ಹಡಗುಗಳನ್ನೇರಿ 342 ಪೆಟ್ಟಿಗೆ ಚಹಾ ನೀರಿಗೆ ಸುರಿದರು. ತೆರಿಗೆಯ ಮೇಲಿನ ಸಿಟ್ಟು ಎಂದು ನಾವು ಓದಿದ್ದೇವೆ, ಅದು ನಿಜವೂ ಹೌದು. ಆದರೆ ಆ ಚಹಾ ಯಾರದು ಎಂದು ಕೇಳಿದವರು ಕಡಿಮೆ. ಅದು ಈಸ್ಟ್ ಇಂಡಿಯಾ ಕಂಪನಿಯದು. ನಮ್ಮ ಕರ್ನಾಟಕದ ನೆಲದಲ್ಲಿ ಹೈದರಾಲಿಯೊಂದಿಗೆ ಕಾದುತ್ತಿದ್ದ ಅದೇ ಕಂಪನಿ.

1767ರಿಂದ 1769ರವರೆಗೆ ನಡೆದ ಮೊದಲ ಮೈಸೂರು ಯುದ್ಧದ ಕೊನೆಯಲ್ಲಿ ಹೈದರ್ ತನ್ನ ಕುದುರೆ ದಂಡಿನೊಂದಿಗೆ ಮದರಾಸಿನ ಬಾಗಿಲಿಗೇ ಹೋಗಿ ನಿಂತ. ಕಂಪನಿಯವರು 1769ರ ಏಪ್ರಿಲ್‌ನಲ್ಲಿ ಅವನು ಹೇಳಿದಂತೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಹೈದರ್ ಮುನ್ನುಗ್ಗುತ್ತಿದ್ದಾನೆಂಬ ಸುದ್ದಿ ಆ ಬೇಸಿಗೆಯಲ್ಲಿ ಲಂಡನ್ ಮುಟ್ಟಿದಾಗ ಕಂಪನಿಯ ಷೇರು ಕುಸಿದು, ಸಾಲ ಮಾಡಿ ಷೇರು ಕೊಂಡವರು ದಿವಾಳಿಯಾದರು. ಅದರ ಬೆನ್ನಿಗೇ ಬಂಗಾಳದ ಭೀಕರ ಕ್ಷಾಮ. ಮೇಲೆ 1772ರಲ್ಲಿ ಯುರೋಪಿನ ಬ್ಯಾಂಕುಗಳೇ ನಡುಗಿದವು. ಮುಳುಗುತ್ತಿದ್ದ ಕಂಪನಿಗೆ ಬ್ರಿಟಿಷ್ ಸರ್ಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟಿತು. ಕಂಪನಿಯ ಗೋದಾಮಿನಲ್ಲಿ ಕೊಳೆಯುತ್ತಿದ್ದ ಚಹಾವನ್ನು ಅಮೆರಿಕದಲ್ಲಿ ನೇರವಾಗಿ ಮಾರಲು 1773ರಲ್ಲಿ ಕಾನೂನು ಮಾಡಿತು. ಬೋಸ್ಟನ್ನಿನವರು ನೀರಿಗೆ ಸುರಿದದ್ದು ಆ ಚಹಾವನ್ನು. ಹೈದರನೇ ಅಮೆರಿಕದ ಕ್ರಾಂತಿಗೆ ಕಾರಣ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಇತಿಹಾಸಕ್ಕೆ ಬಗೆಯುವ ಅನ್ಯಾಯ. ಕಂಪನಿಯನ್ನು ಹಳ್ಳಕ್ಕೆ ತಳ್ಳಿದ ಹಲವು ಕೈಗಳಲ್ಲಿ ಅವನದೂ ಒಂದಿತ್ತು ಎನ್ನುವುದಷ್ಟೇ ಮಾತು.

ಅದರಲ್ಲಿ ದುರ್ಗದ ಪಾಲೇನು? 1762ರ ಹೊತ್ತಿಗೇ ಹೈದರ್ ದುರ್ಗದ ಮೇಲೆ ಬಂದು ಕಪ್ಪ ಒಪ್ಪಿಸಿಕೊಂಡಿದ್ದ. ಅಲ್ಲಿಂದ ಮುಂದಿನ ವರ್ಷಗಳಲ್ಲಿ ಮದಕರಿಯ ಬೇಡರ ಪಡೆ ಹೈದರನ ಹಲವು ದಂಡಯಾತ್ರೆಗಳಲ್ಲಿ ಜೊತೆಗೂಡಿ ಕಾದಿತು. ಹೈದರನ ಬಲ ಎಂದು ನಾವು ಹೇಳುವುದರೊಳಗೆ ಇಂಥ ಪಾಳೆಯಪಟ್ಟುಗಳ ಬಲವೂ ಸೇರಿತ್ತು. ಆಮೇಲೆ ಮರಾಠರು ಮತ್ತು ಹೈದರನ ನಡುವೆ ಸಿಕ್ಕಿ, ಯಾರ ಕಡೆ ವಾಲಿದರೂ ಇನ್ನೊಬ್ಬರ ಕೋಪಕ್ಕೆ ಗುರಿಯಾಗುವ ಸ್ಥಿತಿ ಮದಕರಿಗೆ ಬಂತು. 1777ರಲ್ಲಿ ಹೈದರ್ ಮತ್ತೆ ಮುತ್ತಿದ. 1779ರಲ್ಲಿ ಕೋಟೆ ಬಿತ್ತು. ನಾಯಕನನ್ನೂ ಅವನ ಕುಟುಂಬವನ್ನೂ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಪ್ರಕಾರ ಸುಮಾರು 20,000 ಬೇಡ ಜನರನ್ನು ಊರು ಬಿಡಿಸಿ ಅತ್ತ ಒಯ್ದು, ಅವರ ಹುಡುಗರಿಂದ ಚೇಲಾ ಪಡೆಗಳನ್ನು, ಅಂದರೆ ಗುಲಾಮ ಸೈನಿಕರ ತುಕಡಿಗಳನ್ನು, ಕಟ್ಟಿದರು. ನಮ್ಮ ಸಭೆ ಸಮಾರಂಭಗಳಲ್ಲಿ ಕೋಟೆ ಬಿದ್ದ ಕಥೆ ಹೇಳುತ್ತೇವೆ, ಓಬವ್ವನ ಒನಕೆಯ ಕಥೆ ಹೇಳುತ್ತೇವೆ. ಆ ಹುಡುಗರ ಕಥೆಯನ್ನು ಯಾರೂ ಹೇಳುವುದಿಲ್ಲ. ದುರ್ಗದ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವ ಪುಟ ಅದು.

ಅದೇ 1779ರಲ್ಲಿ ಕೇರಳದ ಕರಾವಳಿಯಲ್ಲಿ ಇನ್ನೊಂದು ಕೋಟೆ, ಫ್ರೆಂಚರ ಮಾಹೆ, ಬಿತ್ತು. 1778ರಲ್ಲಿ ಫ್ರಾನ್ಸ್ ಅಮೆರಿಕದ ಪರವಾಗಿ ಯುದ್ಧಕ್ಕೆ ಇಳಿದಿದ್ದರಿಂದ, ಇಲ್ಲಿದ್ದ ಫ್ರೆಂಚರ ನೆಲೆಗಳನ್ನೆಲ್ಲ ಬ್ರಿಟಿಷರು ಒಂದೊಂದಾಗಿ ಕಿತ್ತುಕೊಂಡರು. ಮಾಹೆ ಹೈದರನಿಗೆ ಮದ್ದುಗುಂಡು ಬರುತ್ತಿದ್ದ ಬಂದರು. ಅದು ತನ್ನ ರಕ್ಷಣೆಯಲ್ಲಿದೆ ಎಂದು ಅವನು ಎಚ್ಚರಿಸಿದರೂ ಬ್ರಿಟಿಷರು ಕೇಳಲಿಲ್ಲ. 1780ರ ಜುಲೈನಲ್ಲಿ ಹೈದರ್ ಘಟ್ಟ ಇಳಿದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನೆಲಕಚ್ಚಿತು. ನಮ್ಮ ಪಠ್ಯದಲ್ಲಿ ಇದರ ಹೆಸರು ಎರಡನೇ ಮೈಸೂರು ಯುದ್ಧ. ಪ್ಯಾರಿಸ್ಸಿನಿಂದಲೋ ಲಂಡನ್ನಿನಿಂದಲೋ ನೋಡಿದವರಿಗೆ ಅದು ಅಮೆರಿಕದ ಯುದ್ಧದ ಪೂರ್ವದ ರಣರಂಗ. ಒಂದೇ ಯುದ್ಧಕ್ಕೆ ಎರಡು ಪುಸ್ತಕದಲ್ಲಿ ಎರಡು ಅಧ್ಯಾಯ!

ಅಮೆರಿಕದವರಿಗೆ ಇದು ಗೊತ್ತಿತ್ತೇ?

ಚೆನ್ನಾಗಿ ಗೊತ್ತಿತ್ತು. ಬ್ರಿಟಿಷರನ್ನು ಸೋಲಿಸುತ್ತಿರುವ ಪೂರ್ವದೇಶದ ದೊರೆಯ ಸುದ್ದಿ ಫಿಲಡೆಲ್ಫಿಯಾದ ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ವ್ಯಾಪಾರಿ ಹಡಗುಗಳನ್ನು ಕಾಯಲು ಒಂದು ಯುದ್ಧನೌಕೆ ಸಜ್ಜುಗೊಳಿಸಿದರು. ಅದಕ್ಕೆ ಇಟ್ಟ ಹೆಸರು ‘ಹೈದರ್ ಅಲಿ’. ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಕ್ಯಾಪ್ಟನ್ ಜೋಶುವಾ ಬಾರ್ನಿ ಆ ಹಡಗಿನಿಂದ ತನಗಿಂತ ಬಲಿಷ್ಠವಾದ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ನೌಕೆಯನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿದ. ಕ್ರಾಂತಿಯ ಕವಿಯೆಂದು ಹೆಸರಾದ ಫಿಲಿಪ್ ಫ್ರೆನೋ ಆ ಗೆಲುವಿನ ಮೇಲೆ ಪದ್ಯ ಬರೆದ. ದುರ್ಗದ ಪಾಲಿಗೆ ಹೈದರ್ ಕೋಟೆ ಕಿತ್ತುಕೊಂಡವನು, ಫಿಲಡೆಲ್ಫಿಯಾದವರ ಪಾಲಿಗೆ ಸ್ವಾತಂತ್ರ್ಯದ ಗೆಳೆಯ. ಎರಡೂ ಸತ್ಯ. ಒಂದಕ್ಕಾಗಿ ಇನ್ನೊಂದನ್ನು ಅಳಿಸಿಹಾಕುವ ಇತಿಹಾಸವನ್ನು ನಮ್ಮ ಮಕ್ಕಳಿಗೆ ಕೊಡಬಾರದು.

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕೊನೆಯ ಕದನ ಎಲ್ಲಿ ನಡೆಯಿತು ಎಂಬ ಕ್ವಿಜ್ ಪ್ರಶ್ನೆಗೆ ಹೆಚ್ಚಿನವರು ಯಾರ್ಕ್‌ಟೌನ್ ಎನ್ನುತ್ತಾರೆ. ಲಾರ್ಡ್ ಕಾರ್ನ್‌ವಾಲಿಸ್ 1781ರ ಅಕ್ಟೋಬರ್ 19ರಂದು ವಾಷಿಂಗ್ಟನ್ನನಿಗೂ ಫ್ರೆಂಚರಿಗೂ ಶರಣಾದ ಜಾಗ ಅದು. ಆದರೆ ಆ ಯುದ್ಧದ ಭಾಗವಾಗಿ ಫ್ರೆಂಚರೂ ಬ್ರಿಟಿಷರೂ ಕೊನೆಯ ದೊಡ್ಡ ಕದನ ಕಾದಿದ್ದು ತಮಿಳುನಾಡಿನ ಕಡಲೂರಿನಲ್ಲಿ, 1783ರ ಜೂನ್ ತಿಂಗಳಲ್ಲಿ. ಯುರೋಪಿನಲ್ಲಿ ಸಂಧಿಯ ಮಾತು ಮುಗಿದ ಸುದ್ದಿ ಹಡಗಿನಲ್ಲಿ ಬರುವುದಕ್ಕೆ ತಿಂಗಳುಗಳೇ ಹಿಡಿದದ್ದರಿಂದ ಇಲ್ಲಿ ಜನ ಸಾಯುತ್ತಲೇ ಇದ್ದರು. ಸುದ್ದಿ ಬಂದ ಕೂಡಲೇ ಫ್ರೆಂಚರು ಹೈದರನ ಮಗ ಟಿಪ್ಪುವಿನ ಕೈಬಿಟ್ಟು ಹಿಂದೆ ಸರಿದರು. ಹೈದರ್ 1782ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದ. 1783ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಒಪ್ಪಂದ, 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕು.

ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣದ ಮುಂದೆ ಟಿಪ್ಪುವಿನ ಅರ್ಧ ರಾಜ್ಯವನ್ನೂ, ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಪಡೆದ. ಆ ಯುದ್ಧದಲ್ಲಿ ಅವನ ಜೊತೆಗಿದ್ದ ಪರಶುರಾಮ ಭಾವುವಿನ ಮರಾಠಾ ದಂಡು ದುರ್ಗ, ಹಿರಿಯೂರು ಸೀಮೆಯನ್ನು ತುಳಿದುಹೋಯಿತು. ಜೊತೆಗೆ ಬರ. 1801ರಲ್ಲಿ, ಕಂಪನಿಗಾಗಿ ನಾಡು ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ ಹರಿಹರದಿಂದ ದುರ್ಗ, ಹಿರಿಯೂರುಗಳ ಮೇಲೆ ಶಿರಾದತ್ತ ಸಾಗಿದಾಗ ಈ ಭಾಗ ಇನ್ನೂ ಆ ಪೆಟ್ಟಿನಿಂದ ಚೇತರಿಸಿಕೊಂಡಿರಲಿಲ್ಲ. ಹಿರಿಯೂರಿನ ಹಳೆಯ ಚರಿತ್ರೆ ಬರೆಯುವವರು ಬುಕಾನನ್ನನ ಆ ಪುಟಗಳಿಂದ ಶುರುಮಾಡಿದರೆ ಒಳ್ಳೆಯದು.

ಇನ್ನು ರಾಕೆಟ್. ಪೊಳ್ಳಿಲೂರಿನಲ್ಲಿ ಬ್ರಿಟಿಷರನ್ನು ಕಂಗೆಡಿಸಿದ, ಕಬ್ಬಿಣದ ಕೊಳವೆಗೆ ಮದ್ದು ತುಂಬಿದ ಮೈಸೂರಿನ ರಾಕೆಟ್‌ಗಳ ಮಾದರಿಗಳು ಟಿಪ್ಪು ಸೋತ 1799ರ ನಂತರ ಇಂಗ್ಲೆಂಡಿನ ವೂಲಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಅವನ್ನು ನೋಡಿ ತನ್ನ ರಾಕೆಟ್ ರೂಪಿಸಿದ. 1814ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಹಡಗುಗಳು ಬಾಲ್ಟಿಮೋರಿನ ಮ್ಯಾಕ್‌ಹೆನ್ರಿ ಕೋಟೆಯ ಮೇಲೆ ಅದನ್ನೇ ಎಸೆದವು. ಆ ರಾತ್ರಿಯನ್ನು ಕಣ್ಣಾರೆ ಕಂಡ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಹಾಡು 1931ರಲ್ಲಿ ಅಮೆರಿಕದ ರಾಷ್ಟ್ರಗೀತೆಯಾಯಿತು. ಅಮೆರಿಕದಲ್ಲಿ ಹುಟ್ಟಿದ ಕನ್ನಡದ ಮಕ್ಕಳು ಶಾಲೆಯಲ್ಲಿ ಎದ್ದುನಿಂತು ಹಾಡುವ ಆ ಗೀತೆಯಲ್ಲಿ ಬರುವ ರಾಕೆಟ್‌ನ ತಾಯಿಬೇರು ಕರ್ನಾಟಕದಲ್ಲಿದೆ ಎಂದು ಯಾರಾದರೂ ಅವರಿಗೆ ಹೇಳಬೇಕು.

ಓಬವ್ವ ನಿಜವಾಗಿಯೂ ಇದ್ದಳೇ?

ಕೋಟೆ ನೋಡಲು ಬಂದವರು ತಪ್ಪದೆ ಕೇಳುವ ಪ್ರಶ್ನೆ ಇದು. ಕಿಂಡಿಯ ಮುಂದೆ ನಿಂತು, ತಲೆ ಬಗ್ಗಿಸಿ ಒಳಗೆ ನುಸುಳಿ ನೋಡಿ, ಆಮೇಲೆ ಮೆಲ್ಲಗೆ ಕೇಳುತ್ತಾರೆ. ಕಥೆ ಎಲ್ಲರಿಗೂ ಗೊತ್ತು. ಕಾವಲಿನ ಗಂಡ ಊಟಕ್ಕೆ ಕೂತಿದ್ದ. ಕುಡಿಯುವ ನೀರಿಗೆಂದು ಹೊರಟ ಓಬವ್ವ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿದ್ದ ಹೈದರನ ಸೈನಿಕರನ್ನು ಕಂಡಳು. ಮನೆಯ ಒನಕೆ ತಂದು ನಿಂತಳು. ಈ ಕಥೆ ನಮಗೆ ದಕ್ಕಿದ್ದು ಮುಖ್ಯವಾಗಿ ದುರ್ಗದ ಜನರ ಬಾಯಿಂದ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಓಬವ್ವನಾಗಿ ನಿಂತ ಮೇಲೆ ಅದು ನಾಡಿಗೆಲ್ಲ ಹಬ್ಬಿತು. 2021ರಿಂದ ನವೆಂಬರ್ 11ರಂದು ರಾಜ್ಯ ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತಿದೆ.

ಬಾಯಿಮಾತಿನ ಕಥೆಯನ್ನು ಸುಳ್ಳೆಂದು ತಳ್ಳುವ ಮೊದಲು ದುರ್ಗದ ಮುತ್ತಿಗೆಯ ಅದೇ ದಶಕದ ಅಮೆರಿಕವನ್ನು ನೋಡಬೇಕು. 1778ರ ಜೂನ್ 28ರಂದು ನ್ಯೂಜೆರ್ಸಿಯ ಮನ್‌ಮತ್‌ನಲ್ಲಿ ಸುಡುಬಿಸಿಲಿನ ಕದನ. ಫಿರಂಗಿ ಹಾರಿಸುತ್ತಿದ್ದ ಗಂಡಸರಿಗೆ ನೀರು ಹೊತ್ತು ತರುತ್ತಿದ್ದ ಹೆಂಗಸೊಬ್ಬಳು, ಗಂಡ ಕುಸಿದಾಗ ತಾನೇ ಫಿರಂಗಿಗೆ ಕೈ ಹಚ್ಚಿದಳು ಎಂದು ಅಲ್ಲಿ ಹೇಳುತ್ತಾರೆ. ಮಾಲಿ ಪಿಚರ್ ಎಂದು ಅವಳ ಹೆಸರು. ಇತಿಹಾಸಕಾರರು ಹುಡುಕಿದಾಗ ಆ ಹೆಸರಿನ ಹಿಂದೆ ಮೇರಿ ಹೇಸ್ ಎಂಬ ನಿಜವಾದ ಹೆಂಗಸು ಸಿಕ್ಕಳು. ಪೆನ್ಸಿಲ್ವೇನಿಯಾ ಸರ್ಕಾರ 1822ರಲ್ಲಿ ಅವಳಿಗೆ ವರ್ಷಕ್ಕೆ 40 ಡಾಲರ್ ಗೌರವಧನ ಕೊಟ್ಟ ದಾಖಲೆ ಇದೆ. ಆ ಕದನದಲ್ಲಿದ್ದ ಸೈನಿಕ ಜೋಸೆಫ್ ಪ್ಲಂಬ್ ಮಾರ್ಟಿನ್ 1830ರಲ್ಲಿ ಪ್ರಕಟಿಸಿದ ನೆನಪುಗಳಲ್ಲಿ ಫಿರಂಗಿಯ ಬಳಿ ಗಂಡನಿಗೆ ನೆರವಾಗುತ್ತಿದ್ದ ಹೆಂಗಸನ್ನು ಕಂಡದ್ದಾಗಿ ಬರೆದಿದ್ದಾನೆ. ಕಥೆಯೊಳಗೆ ಒಬ್ಬಳಿಗಿಂತ ಹೆಚ್ಚು ಹೆಂಗಸರ ಬದುಕು ಕೂಡಿಕೊಂಡಿದೆ ಎಂಬುದು ಈಗಿನ ವಿದ್ವಾಂಸರ ಅಭಿಪ್ರಾಯ.

ಅಲ್ಲೂ ನೀರು, ಇಲ್ಲೂ ನೀರು. ಅಲ್ಲೂ ಗಂಡನ ಜಾಗದಲ್ಲಿ ನಿಂತ ಹೆಂಡತಿ, ಇಲ್ಲೂ. ಹಾಗೆಂದು ಒಂದು ಕಥೆಯಿಂದ ಇನ್ನೊಂದು ಹುಟ್ಟಿಲ್ಲ. ಕೋಟೆಯೊಳಗೂ ಪಾಳೆಯದೊಳಗೂ ಹೆಂಗಸರು ನಿಜಕ್ಕೂ ಇದ್ದರು, ನೀರು ಹೊರುತ್ತಿದ್ದರು, ಅಡುಗೆ ಮಾಡುತ್ತಿದ್ದರು, ಅವರ ಹೆಸರು ಸಂಬಳದ ಪಟ್ಟಿಯಲ್ಲಿ ಬಂದದ್ದು ಅಪರೂಪ. ಲೆಕ್ಕದ ಪುಸ್ತಕ ಬಿಟ್ಟದ್ದನ್ನು ಜನ ನೆನಪಿಟ್ಟರು. ಮೇರಿ ಹೇಸ್‌ಗೆ ಪಿಂಚಣಿ ಕೊಡಲು ಒಂದು ಸರ್ಕಾರ ಉಳಿದಿತ್ತು, ಆದ್ದರಿಂದ ಕಾಗದ ಉಳಿಯಿತು. ಓಬವ್ವನ ಸರ್ಕಾರ ಅವಳ ಬೆನ್ನಿಗೇ ಮುಳುಗಿತು. ಹೀಗಾಗಿ ಪ್ರಶ್ನೆ ಕೇಳಿದವರಿಗೆ ನಾನು ಹೇಳುವುದು ಇದು: ಕಾಗದ ಇಲ್ಲದ್ದು ಅವಳ ಕುಂದಲ್ಲ, ಸೋತ ರಾಜ್ಯದ ಕಾವಲುಗಾರನ ಹೆಂಡತಿಗೆ ಕಾಗದ ಇರುವುದಾದರೂ ಹೇಗೆ?

ಕೊಲಂಬಸ್ ಬರದಿದ್ದರೆ ನಮ್ಮ ಊಟ ಏನಾಗುತ್ತಿತ್ತು?

ಹೊಳಲ್ಕೆರೆಯ ರಸ್ತೆಗಳಲ್ಲಿ ಸುಗ್ಗಿಯ ಹೊತ್ತಿಗೆ ಮೆಕ್ಕೆಜೋಳ ಒಣಹಾಕಿರುತ್ತಾರೆ. ಹಿರಿಯೂರಿನ ಕಡೆ ಶೇಂಗಾ, ಸೂರ್ಯಕಾಂತಿ. ಮನೆಮನೆಯ ಸಾರಿಗೆ ಒಣಮೆಣಸಿನಕಾಯಿ, ಟೊಮೆಟೊ. ಇವುಗಳಲ್ಲಿ ಒಂದೂ 1492ಕ್ಕೆ ಮೊದಲು ಇಲ್ಲಿರಲಿಲ್ಲ. ಭಾರತವನ್ನು ಹುಡುಕುತ್ತ ಹೊರಟ ಕೊಲಂಬಸ್ ಆ ವರ್ಷ ಅಮೆರಿಕದ ದ್ವೀಪಗಳನ್ನು ಮುಟ್ಟಿದ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪಿದ. ನಡುವಿನ ಈ ಆರು ವರ್ಷ ನಮ್ಮ ಅಡುಗೆಮನೆಯ ಚರಿತ್ರೆಯಲ್ಲಿ ಎಷ್ಟು ದೊಡ್ಡದೆಂದರೆ, ಅದಕ್ಕೆ ಮುಂಚಿನ ವಿಜಯನಗರದ ಯಾವ ಅರಸನೂ ಹಸಿಮೆಣಸಿನಕಾಯಿ ಕಂಡವನಲ್ಲ. ಖಾರಕ್ಕೆ ಮುಖ್ಯವಾಗಿ ಕರಿಮೆಣಸು. ಪೋರ್ಚುಗೀಸರ ಹಡಗುಗಳು ಮೆಣಸಿನಕಾಯಿಯನ್ನು ಗೋವೆಗೆ ತಂದವು, ಅಲ್ಲಿಂದ ಅದು ಘಟ್ಟ ಹತ್ತಿತು.

ಅಮೆರಿಕದಲ್ಲಿ ಯುರೋಪಿನವರಿಗಿಂತ ಮೊದಲು ಯಾರಿದ್ದರು ಎಂಬ ಪೌರತ್ವ ಪರೀಕ್ಷೆಯ ಪ್ರಶ್ನೆಗೆ ಹೊಳಲ್ಕೆರೆಯ ರೈತ ಕೊಡಬಹುದಾದ ಉತ್ತರ ನನಗೆ ಎಲ್ಲಕ್ಕಿಂತ ಇಷ್ಟ: ಮೆಕ್ಕೆಜೋಳ ಮಾಡಿದವರು ಇದ್ದರು. ಮೆಕ್ಕೆಜೋಳ ಕಾಡಿನಲ್ಲಿ ತಾನಾಗಿ ಬೆಳೆದ ಪೈರಲ್ಲ. ಮೆಕ್ಸಿಕೋದ ಆದಿಜನ ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಬೆರಳುದ್ದದ ಹುಲ್ಲಿನ ತೆನೆಯಿಂದ ಆಯ್ದು, ಬಿತ್ತಿ, ಮತ್ತೆ ಆಯ್ದು ಅದನ್ನು ಸೃಷ್ಟಿಸಿದರು. ಶೇಂಗಾ ದಕ್ಷಿಣ ಅಮೆರಿಕದ ಜನರ ಕೊಡುಗೆ, ಸೂರ್ಯಕಾಂತಿ ಉತ್ತರ ಅಮೆರಿಕದವರದು. ಯುರೋಪಿನವರು ತಂದ ಸಿಡುಬು, ದಡಾರ, ಬಂದೂಕು, ದುಡಿಮೆಯ ಕ್ರೌರ್ಯಗಳಿಗೆ ಆ ಜನರಲ್ಲಿ ಬಹುಪಾಲು ಬಲಿಯಾದರು. ಅವರು ರೂಪಿಸಿದ ಬೀಜ ಉಳಿಯಿತು. ಮಳೆ ನೆಚ್ಚಿದ ನಮ್ಮ ಕೆಂಪು ಮಣ್ಣಿನಲ್ಲಿ ಸಾಲ ತೀರಿಸುವ ಬೆಳೆ ಅದೇ.

ಇಲ್ಲಿ ಒಂದು ವಾದವನ್ನೂ ಹೇಳಬೇಕು. ಸೋಮನಾಥಪುರದ 13ನೇ ಶತಮಾನದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ, ಹಾಗಾಗಿ ಕೊಲಂಬಸ್‌ಗಿಂತ ಮೊದಲೇ ಅದು ಇಲ್ಲಿತ್ತು ಎಂದು ಅಮೆರಿಕದ ಭೂಗೋಳಜ್ಞ ಕಾರ್ಲ್ ಯೊಹಾನೆಸೆನ್ 1989ರಲ್ಲಿ ಬರೆದರು. ಹೊಸದುರ್ಗದ ಬಾಗೂರು, ಹೆಗ್ಗೆರೆಗಳ ಹಳೆಯ ಗುಡಿ ಬಸದಿಗಳನ್ನು ನೋಡಿದವರೂ ಈ ಮಾತೆತ್ತುತ್ತಾರೆ. ಭಾರತದ ಸಸ್ಯವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ಶಿಲ್ಪದ ಕೈಯಲ್ಲಿರುವುದು ಮುತ್ತು ಪೋಣಿಸಿದಂಥ ಕಾಲ್ಪನಿಕ ಫಲ ಎಂಬುದು ಅವರ ನಿಲುವು. ನನಗೆ ಅವರ ಮಾತೇ ಸರಿ ಎನಿಸುತ್ತದೆ. ಕಲ್ಲಿನಲ್ಲಿ ತೆನೆ ಇದ್ದು, ಶಾಸನದ ದಾನಗಳಲ್ಲಿ, ಅಡುಗೆಯ ಗ್ರಂಥಗಳಲ್ಲಿ, ಉತ್ಖನನದ ಕಾಳುಗಳಲ್ಲಿ ಎಲ್ಲೂ ಅದರ ಸುಳಿವಿಲ್ಲದಿರುವುದು ಹೇಗೆ? ದಾನದ ಶಾಸನಗಳಲ್ಲಿ ಭತ್ತ, ಎಣ್ಣೆ, ಅಡಕೆ, ತೆಂಗು ಎಲ್ಲ ಸಿಗುತ್ತವೆ. ಅಂದಹಾಗೆ, ನಮ್ಮದೇ ಎಂದು ನಾವು ಎದೆತಟ್ಟಿಕೊಳ್ಳುವ ರಾಗಿ, ಜೋಳ ಎರಡೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವು. ಹೊಲದ ಬದುವಿನಲ್ಲಿ ನಿಲ್ಲುವ ಬಳ್ಳಾರಿ ಜಾಲಿ, ಕತ್ತಾಳೆ, ಪಾಪಾಸುಕಳ್ಳಿ ಮೂರೂ ಅಮೆರಿಕದ ಗಿಡಗಳೇ.

ಕಾಂಗ್ರೆಸ್ ಗಿಡದ ಬಗ್ಗೆಯೂ ಜನ ಕೇಳುತ್ತಾರೆ. ಅಮೆರಿಕದ ಗೋಧಿಯ ಜೊತೆ ಬಂತು ಎಂಬ ಮಾತು ಹಳ್ಳಿಹಳ್ಳಿಯಲ್ಲಿದೆ. 1950ರ ದಶಕದ ನಡುವೆ ಪುಣೆಯಲ್ಲಿ ಅದನ್ನು ಗುರುತಿಸಿದರು. ಅಮೆರಿಕದ ಆಹಾರ ನೆರವಿನ ಪಿಎಲ್ 480 ಕಾಯ್ದೆಯಡಿ ಭಾರತ ಮೊದಲ ಒಪ್ಪಂದ ಮಾಡಿಕೊಂಡದ್ದು 1956ರ ಆಗಸ್ಟಿನಲ್ಲಿ. ಆದರೆ 1951ರಲ್ಲಿ ಅಮೆರಿಕ ಸಾಲವಾಗಿ ಕೊಟ್ಟ ಗೋಧಿ ಅದಕ್ಕಿಂತ ಮುಂಚೆಯೇ ಬಂದಿತ್ತು. ಗೋಧಿಯ ಮೇಲಿನ ಸಂಶಯಕ್ಕೆ ಆಧಾರವಿದೆ. ಪಿಎಲ್ 480ರ ಚೀಲವೇ ಎಂದು ಬೆರಳು ತೋರುವುದು ಮಾತ್ರ ಕಷ್ಟ. ಅದನ್ನು ತಿನ್ನುವ ಪುಟ್ಟ ಜೀರುಂಡೆಯನ್ನು ಬೆಂಗಳೂರಿನ ವಿಜ್ಞಾನಿಗಳು 1984ರಲ್ಲಿ ಹೊಲಗಳಿಗೆ ಬಿಟ್ಟರು. ಅದನ್ನು ತರಿಸಿದ್ದು ಮೆಕ್ಸಿಕೋದಿಂದ.

ರೋಮಿನ ದುಡ್ಡು ಇಲ್ಲಿಗೆ ಬಂದದ್ದು ಹೇಗೆ?

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಅಗೆತ ಈ ಪ್ರಶ್ನೆಗೆ ಉತ್ತರ. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಅಲ್ಲಿ ಅಗೆಸಿದಾಗ ಶಾತವಾಹನರ ನಾಣ್ಯಗಳ ಜೊತೆ ರೋಮ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ಸಿಕ್ಕವು. 1947ರಲ್ಲಿ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯಲ್ಲೂ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅಗೆದು, ದಕ್ಷಿಣ ಭಾರತದ ಪ್ರಾಚೀನ ಪದರಗಳಿಗೆ ಕಾಲ ಕಟ್ಟಿದರು. ರೋಮಿನ ನಾಣ್ಯದ ಕಾಲ ನಿಶ್ಚಿತ. ಅದರ ಜೊತೆ ಮಣ್ಣಿನಲ್ಲಿ ಮಲಗಿದ್ದ ಮಡಕೆಚೂರಿನ ಕಾಲವನ್ನು ಅದರಿಂದ ಎಣಿಸಬಹುದು. ಭಾರತದ ಸರಕಿಗಾಗಿ ರೋಮ್ ವರ್ಷವರ್ಷವೂ ಐದು ಕೋಟಿ ನಾಣ್ಯ ಕಳೆದುಕೊಳ್ಳುತ್ತಿದೆ ಎಂದು ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಲೇಖಕ ಪ್ಲೀನಿ ದೂರಿದ್ದ. ಆ ಬೆಳ್ಳಿಯಲ್ಲಿ ಒಂದೆರಡು ಚೂರು ನಮ್ಮ ಅಂಕಲಿ ಮಠದ ಪಕ್ಕದ ಕಣಿವೆಗೆ ಬಂದು ಸೇರಿದ್ದವು. ಅದೇ ಕಣಿವೆಯ ಬಂಡೆಯ ಮೇಲೆ ಕದಂಬ ಮಯೂರಶರ್ಮ ಕೆರೆಯ ಕೆಲಸ ಮಾಡಿಸಿದ ಶಾಸನವಿದೆ. ಅದು ಕ್ರಿ.ಶ. 4ನೇ ಶತಮಾನ. ರೋಮ್ ಸಾಮ್ರಾಜ್ಯ ತನ್ನ ರಾಜಧಾನಿಯನ್ನು ಕಾನ್‌ಸ್ಟಾಂಟಿನೋಪಲ್‌ಗೆ ಸಾಗಿಸಿದ ಶತಮಾನವೂ ಅದೇ.

ಥೋರೋ, ಗಾಂಧಿ, ತುರುವನೂರು

ಸತ್ಯಾಗ್ರಹದ ಕಲ್ಪನೆ ಅಮೆರಿಕದಿಂದ ಬಂತೇ ಎಂಬ ಪ್ರಶ್ನೆಗೆ ಸರಳ ಉತ್ತರವಿಲ್ಲ. ಗುಲಾಮಗಿರಿಯನ್ನೂ ಮೆಕ್ಸಿಕೋ ಯುದ್ಧವನ್ನೂ ವಿರೋಧಿಸಿ ತೆರಿಗೆ ಕಟ್ಟದೆ ಜೈಲು ಕಂಡ ಹೆನ್ರಿ ಡೇವಿಡ್ ಥೋರೋ 1849ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ಓದಿ ಮೆಚ್ಚಿದ್ದರು. ಆದರೆ ತಮ್ಮ ಹೋರಾಟ ಅದಕ್ಕೆ ಮೊದಲೇ ಶುರುವಾಗಿತ್ತೆಂದು ಅವರೇ ಹೇಳಿದ್ದಾರೆ. ಆ ಹೋರಾಟದ ಒಂದು ಅಲೆ 1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿಗೆ ಬಂತು. ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಜನ ಹೆಂಡದ ಈಚಲು ಮರಗಳನ್ನು ಕಡಿದು ಜೈಲಿಗೆ ಹೋದರು. ಮುಂದೆ ನಿಜಲಿಂಗಪ್ಪನವರೇ ರಾಜ್ಯದ ಮುಖ್ಯಮಂತ್ರಿಯಾದರು. ಅತ್ತ 1955ರಲ್ಲಿ ಅಮೆರಿಕದ ಮಾಂಟ್‌ಗೊಮರಿಯಲ್ಲಿ ಬಸ್ ಬಹಿಷ್ಕಾರ ನಡೆಸಿದ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಗಾಂಧಿಯ ನಾಡು ನೋಡಲೆಂದೇ ಭಾರತಕ್ಕೆ ಬಂದರು.

ಮಾರಿಕಣಿವೆ ಕೋಡಿ ಬಿದ್ದದ್ದು ಯಾವಾಗ?

ಹಿರಿಯೂರಿನಲ್ಲಿ ಈ ಪ್ರಶ್ನೆಗೆ ಎರಡನೇ ತರಗತಿಯ ಮಗುವೂ ಈಗ ಉತ್ತರ ಹೇಳುತ್ತದೆ. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ಮಾರಿಕಣಿವೆ ಅಣೆಕಟ್ಟೆಯ, ಅಂದರೆ ವಾಣಿವಿಲಾಸ ಸಾಗರದ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಮಗ ಚಿಕ್ಕವನಾಗಿದ್ದರಿಂದ 1895ರಿಂದ 1902ರವರೆಗೆ ರಾಜ್ಯ ನಡೆಸಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ, ಅಂದರೆ ವಾಣಿವಿಲಾಸ ಸನ್ನಿಧಾನದ ಹೆಸರು ಅದಕ್ಕೆ. ಅದೇ ಅವಧಿಯಲ್ಲಿ, 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು.

ಅಮೆರಿಕ ಆಗ ತನ್ನ ಬರಸೀಮೆಯಲ್ಲಿ ಇಂಥದೇ ಕೆಲಸಕ್ಕೆ ಕೈಹಾಕಿತ್ತು. ಅರಿಜೋನಾದ ಮರುಭೂಮಿಯಲ್ಲಿ ಕಲ್ಲಿನಿಂದ ಕಟ್ಟಿದ ರೂಸ್‌ವೆಲ್ಟ್ ಅಣೆಕಟ್ಟೆ ಪೂರ್ತಿಯಾದದ್ದು 1911ರಲ್ಲಿ, ನಮ್ಮದು ಮುಗಿದು ನಾಲ್ಕು ವರ್ಷಕ್ಕೆ. ಅದರ ಸಾಮಾನು ಸಾಗಿಸುವ ಬೆಟ್ಟದ ದಾರಿಯನ್ನು ಕಡಿದವರಲ್ಲಿ ಅಪಾಚೆ ಆದಿವಾಸಿಗಳಿದ್ದರು. ಕೆಲಸದವರಿಗೆಂದು ಎದ್ದ ಊರು ಕೊನೆಗೆ ಅದೇ ನೀರಿನಡಿ ಮುಳುಗಿತು.

30 ಟಿಎಂಸಿ ಹಿಡಿಯುವ ಮಾರಿಕಣಿವೆ ಮೊದಲ ಸಲ 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆರ್ಥಿಕ ಮಹಾಕುಸಿತದಿಂದ ಜಗತ್ತಿನ ರೈತರೆಲ್ಲ ಬೆಲೆಯಿಲ್ಲದೆ ಒದ್ದಾಡುತ್ತಿದ್ದ ವರ್ಷ ಅದು. ಅದೇ ವರ್ಷದ ಮೇ ತಿಂಗಳಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಟೆನೆಸೀ ಕಣಿವೆ ಪ್ರಾಧಿಕಾರಕ್ಕೆ ಸಹಿ ಹಾಕಿದರು. ಒಂದು ನದಿಯ ಇಡೀ ಕಣಿವೆಯನ್ನು ಒಂದೇ ಆಡಳಿತದಡಿ ತರುವ ಆ ಪ್ರಯೋಗವೇ ಸ್ವತಂತ್ರ ಭಾರತದ ದಾಮೋದರ ಕಣಿವೆ ಯೋಜನೆಗೆ ಮಾದರಿಯಾಯಿತು. ಟೆನೆಸೀಯಲ್ಲಿ ನೀರು ತುಂಬಿದಂತೆ ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಗೋರಿಗಳನ್ನೂ ಎತ್ತಿ ಬೇರೆಡೆ ಸಾಗಿಸಿದರು.

ಮಾರಿಕಣಿವೆ ಎರಡನೇ ಸಲ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಆಮೇಲೆ 2025ರ ಜನವರಿಯಲ್ಲಿ ಮತ್ತೆ ತುಂಬಿತು. ವೇದಾವತಿ ಬರುವ ದಾರಿಯುದ್ದಕ್ಕೂ ಕೆರೆಗಳಿವೆ, ಅವು ತುಂಬಿ ಉಳಿದದ್ದು ಇಲ್ಲಿಗೆ. ಮಳೆಯೂ ಕಡಿಮೆ. ಈಗ ಭದ್ರೆಯ ನೀರೂ ಕೂಡಿದ್ದರಿಂದ ಲೆಕ್ಕ ಬದಲಾಗಿದೆ. ಕೋಡಿ ಬಿದ್ದ ದಿನ ಹಿರಿಯೂರಿನವರು ಬಾಗಿನ ಅರ್ಪಿಸಿ ಹಬ್ಬ ಮಾಡಿದರೆ, ಮೇಲ್ಭಾಗದ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಊರುಗಳಲ್ಲಿ ತೆಂಗು, ಅಡಕೆ ತೋಟಗಳಲ್ಲಿ ನೀರು ನಿಂತಿತ್ತು. ನೀರು ಎಷ್ಟು ಅಡಿ ನಿಲ್ಲಬೇಕು ಎಂಬುದರ ಮೇಲೆ ಎರಡು ತಾಲ್ಲೂಕುಗಳ ರೈತರ ನಡುವೆ ವಾದ ನಡೆದೇ ಇದೆ. ಕೆಳಗಿನವರಿಗೆ ಒಂದೊಂದು ಅಡಿಯೂ ಒಂದು ಬೆಳೆ, ಮೇಲಿನವರಿಗೆ ಒಂದೊಂದು ಅಡಿಯೂ ಒಂದು ಸಾಲು ಮರ.